ಸಹಾಯ ಬೇಕು: ಮಳೆಗಾಲದಲ್ಲಿ ಎಣ್ಣೆಬಣ್ಣದ ಚಿತ್ರ ಒಣಗಿಸೋದು ಹೇಗೆ?

ಚಿಕ್ಕಮಗಳೂರಿನ ಗೆಳೆಯರೇ, ಮುಳ್ಳಯ್ಯನಗಿರಿಯ ಮಂಜನ್ನು ಅರೆ ಅಮೂರ್ತವಾಗಿ ಎಣ್ಣೆಬಣ್ಣದಲ್ಲಿ ಬರೆಯುತ್ತಿದ್ದೇನೆ. ಮೊದಲು ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣಕ್ಕೆ ಟರ್ಪೆಂಟೈನ್ ಬೆರೆಸಿ ತೆಳುವಾಗಿ ಹಚ್ಚಿದೆ. ಅದು ಬೇಗ ಒಣಗಿತು. ಆಮೇಲೆ ಟೈಟಾನಿಯಂ ವೈಟನ್ನು ನೈಫಿನಿಂದ ದಪ್ಪಗೆ ಎಳೆದು, ಅಲ್ಲಲ್ಲಿ ಕೆರೆದು ಕೆಳಗಿನ ಕಂದು ಕಾಣುವಂತೆ ಬಿಟ್ಟೆ. ಆ ಕೆರೆದ ಜಾಗದಲ್ಲೇ ಬೆಟ್ಟ ಕಾಣಿಸುತ್ತೆ, ಬೇರೆ ಗೆರೆಯೇ ಬೇಡ. ನನಗೆ ತುಂಬಾ ಇಷ್ಟವಾದ ಭಾಗ ಅದು.

ಈಗ ಮೇಲೆ ತೆಳು ನೀಲಿ ಗ್ಲೇಜ್ (ಕೆಳಗಿನ ಬಣ್ಣ ಕಾಣುವಂಥ ಪಾರದರ್ಶಕ ಪದರ) ಕೊಡಬೇಕು. ಆದರೆ ಈ ಮಳೆಯಲ್ಲಿ ಬಿಳಿಯ ಮೇಲೆ ಕೆನೆ ಕಟ್ಟಿದೆ, ಒಳಗೆ ಇನ್ನೂ ಹಸಿ. ಎಣ್ಣೆಬಣ್ಣ ಗಟ್ಟಿಯಾಗೋದು ಗಾಳಿಯ ಆಮ್ಲಜನಕದಿಂದ ಅಲ್ವಾ, ಹಾಗಾಗಿ ಸುಮ್ನೆ ಬಿಸಿ ಮಾಡಲು ಮನಸ್ಸಿಲ್ಲ. ಮಲೆನಾಡಿನಲ್ಲಿ ಬರೆಯುವವರು ಹೇಗೆ ನಿಭಾಯಿಸುತ್ತೀರಿ? ಹಸಿ ಪದರದ ಮೇಲೆ ಬೇಗ ಒಣಗುವ ಆಲ್ಕಿಡ್ ಮೀಡಿಯಂ (ಎಣ್ಣೆಬಣ್ಣಕ್ಕೆ ಬೆರೆಸುವ ದ್ರಾವಣ) ಹಾಕಿದರೆ ಬಿರುಕು ಬಿಡುತ್ತಾ? ಹಾಸನದಲ್ಲಾದರೂ ಅದು ಸಿಗುವ ಅಂಗಡಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ.