ಅಪ್‌ಡೇಟ್: ದಿನಾ ಕ್ಯಾಮೆರಾ ಹೊರಬೇಕಾ ಬೇಡ್ವಾ ಅಂತ ಕೇಳಿದ್ದೆ

ಆಫೀಸಿಗೆ ದಿನಾ ಕ್ಯಾಮೆರಾ ತಗೊಂಡು ಹೋಗಲಾ, ಫೋನ್ ಸಾಕಾ ಅಂತ ಕೇಳಿದ್ದೆ, ಅಲ್ವಾ? ಮೂರು ತಿಂಗಳು ಹೊತ್ತು ನೋಡಿದೆ. ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಜೂಮ್ ಲೆನ್ಸ್ ಮನೆಯಲ್ಲೇ ಬಿಟ್ಟು ನನ್ನ ಕ್ಯಾನನ್ 200ಡಿ ಕ್ಯಾಮೆರಾಗೆ 24 ಎಂಎಂ ಪ್ಯಾನ್‌ಕೇಕ್ (ಜೂಮ್ ಇಲ್ಲದ, ತೆಳ್ಳಗಿನ ಪುಟ್ಟ ಲೆನ್ಸ್) ಹಾಕಿದೆ; ಲೆನ್ಸ್ ಬರೀ 125 ಗ್ರಾಂ, ಊಟದ ಡಬ್ಬಿ ಪಕ್ಕದಲ್ಲೇ ಕೂರುತ್ತದೆ. (ಒಮ್ಮೆ ಸಾರು ಸೋರಿತು. ಈಗ ಪ್ಲಾಸ್ಟಿಕ್ ಕವರ್ ಇದೆ.) ವಾರದಲ್ಲಿ ನಾಲ್ಕು ದಿನ ಹೊರಗೆ ತೆಗೆಯುವುದೇ ಇಲ್ಲ, ನಿಜ. ಆದರೆ ಮೊನ್ನೆ ಬೆಳಿಗ್ಗೆ ಕೆ.ಆರ್. ಮಾರ್ಕೆಟ್‌ನಲ್ಲಿ ಬಸ್ ಬದಲಿಸುವಾಗ, ಸೇವಂತಿಗೆ ರಾಶಿ ಪಕ್ಕ ಅಜ್ಜಿಯೊಬ್ಬರು ಕೈ ಚಾಚಿ ಮಾರು ಹಾಕಿ ಹೂ ಅಳೆಯುತ್ತಿದ್ದರು. "ಫೋಟೋ ತೆಗೀಲಾ ಅಜ್ಜಿ?" ಅಂದೆ. "ತೆಗಿ, ಬೋಣಿ ಮಾಡಿ ಹೋಗು" ಅಂದರು. ಎರಡು ಮೊಳ ತಗೊಂಡೆ. ಹಾಗಾಗಿ ಕ್ಯಾಮೆರಾ ಬ್ಯಾಗಲ್ಲೇ ಇರುತ್ತದೆ, ಜೋರು ಮಳೆ ಇದ್ದ ದಿನ ಮಾತ್ರ ಫೋನು.