ಕರೆಂಟ್ ಬಂದ ಮೇಲೆ ಕಂಪ್ಯೂಟರ್ ತಾನಾಗಿಯೇ ಆನ್ ಆಗಬೇಕು, ಏನು ಮಾಡಲಿ?

ಪ್ರಶ್ನೆ, ಹೊಸನಗರದಿಂದ: ನಮಸ್ಕಾರ ಸರ್. ನಾನು ಕೆಲಸಕ್ಕೆ ಶಿವಮೊಗ್ಗದಲ್ಲಿದ್ದೇನೆ, ಊರಿನ ತೋಟದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಅಡಿಕೆ ಒಣಗಿಸುವ ಅಂಗಳಕ್ಕೆ, ಕೊಟ್ಟಿಗೆ ಬಾಗಿಲಿಗೆ ಕ್ಯಾಮೆರಾ ಹಾಕಿಸಿ, ಹಳೇ ಡೆಸ್ಕ್‌ಟಾಪ್‌ನಲ್ಲಿ ರೆಕಾರ್ಡ್ ಆಗುವ ಹಾಗೆ ಮಾಡಿದ್ದೇನೆ. ಮಳೆ ಹಿಡಿದರೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ಮಾಮೂಲು. ಆಮೇಲೆ ಕರೆಂಟ್ ಬಂದರೂ ಕಂಪ್ಯೂಟರ್ ಆನ್ ಆಗುವುದಿಲ್ಲ. ಅಪ್ಪನಿಗೆ ಮಂಡಿ ನೋವು. ಪ್ರತಿ ಸಲ ಮಹಡಿ ಹತ್ತಿ ಬಟನ್ ಒತ್ತಿ ಅಂತ ಹೇಳಲು ಮನಸ್ಸು ಬರುವುದಿಲ್ಲ. ದಾರಿ ಇದೆಯಾ?

ಉತ್ತರ: ಖಂಡಿತ ಇದೆ, ಖರ್ಚೂ ಇಲ್ಲ. ಕಂಪ್ಯೂಟರ್‌ನ ಪವರ್ ಬಟನ್ ಗೋಡೆಯ ಸ್ವಿಚ್ ಹಾಗಲ್ಲ. ಅದು ಒಳಗಿನ ಮುಖ್ಯ ಬೋರ್ಡ್‌ಗೆ, ಅಂದರೆ ಮದರ್‌ಬೋರ್ಡ್‌ಗೆ, ಒಂದು ಸಿಗ್ನಲ್ ಕೊಡುತ್ತದೆ, ಅಷ್ಟೇ. ಕರೆಂಟ್ ಬಂದಾಗ ಪವರ್ ಸಪ್ಲೈನಿಂದ ಬೋರ್ಡ್‌ಗೆ 5 ವೋಲ್ಟ್ ಸ್ಟ್ಯಾಂಡ್‌ಬೈ (ಕಂಪ್ಯೂಟರ್ ಆಫ್ ಇದ್ದಾಗಲೂ ಸಿಗುವ ಚೂರು ಕರೆಂಟ್) ಸಿಗುತ್ತದೆ. ಮುಂದೇನು ಮಾಡಬೇಕು ಅಂತ ಬೋರ್ಡ್ ಬಯೋಸ್‌ನ (ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡ್‌ನದೇ ಪುಟ್ಟ ಪ್ರೋಗ್ರಾಂ) ಸೆಟ್ಟಿಂಗ್ ನೋಡುತ್ತದೆ. ಅಲ್ಲಿ 'ಪವರ್ ಆಫ್' ಅಂತಿದ್ದರೆ ಸುಮ್ಮನೆ ಕೂರುತ್ತದೆ. ನಿಮ್ಮದರಲ್ಲಿ ಆಗುತ್ತಿರುವುದು ಬಹುಶಃ ಇದೇ.

ಬಯೋಸ್ ತೆರೆಯಲು, ಆನ್ ಆಗುವಾಗ ಕೀಬೋರ್ಡ್‌ನ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಇರಿ (ಎಚ್‌ಪಿ ಆದರೆ ಎಫ್10, ಲೆನೊವೊ ಡೆಸ್ಕ್‌ಟಾಪ್ ಆದರೆ ಸಾಮಾನ್ಯವಾಗಿ ಎಫ್1). ಪವರ್ ಮ್ಯಾನೇಜ್‌ಮೆಂಟ್ ಅಥವಾ ಅಡ್ವಾನ್ಸ್ಡ್ ಮೆನುವಿನಲ್ಲಿ ಹುಡುಕಿ. ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ: ಏಸಸ್‌ನಲ್ಲಿ 'ರಿಸ್ಟೋರ್ ಎಸಿ ಪವರ್ ಲಾಸ್', ಗಿಗಾಬೈಟ್‌ನಲ್ಲಿ 'ಎಸಿ ಬ್ಯಾಕ್', ಡೆಲ್‌ನಲ್ಲಿ 'ಎಸಿ ರಿಕವರಿ', ಎಚ್‌ಪಿ ಮತ್ತು ಲೆನೊವೊದಲ್ಲಿ 'ಆಫ್ಟರ್ ಪವರ್ ಲಾಸ್'. ಅದನ್ನು 'ಪವರ್ ಆನ್' ಮಾಡಿ, ಎಫ್10 ಒತ್ತಿ ಸೇವ್ ಮಾಡಿ. ಅಲ್ಲೇ 'ಇಆರ್‌ಪಿ' ಅಂತ ಇನ್ನೊಂದು ಇದ್ದರೆ ಡಿಸೇಬಲ್ ಮಾಡಿ. ಅದು ಸ್ಟ್ಯಾಂಡ್‌ಬೈ ಕರೆಂಟನ್ನೇ ಕಡಿತ ಮಾಡುವ ಉಳಿತಾಯದ ಸೆಟ್ಟಿಂಗ್. ಕೆಲವು ಬೋರ್ಡ್‌ಗಳಲ್ಲಿ ಅದು ಆನ್ ಇದ್ದರೆ ಈ ಕೆಲಸ ಆಗುವುದಿಲ್ಲ.

ನೀವು ಊರಲ್ಲಿ ಇರುವಾಗಲೇ ಪರೀಕ್ಷೆ ಮಾಡಿ. ವಿಂಡೋಸ್ ಶಟ್‌ಡೌನ್ ಮಾಡಿ, ಆಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿ. ಕ್ಯಾಬಿನೆಟ್ ತೆರೆದು ನೋಡಿದರೆ ಬೋರ್ಡ್ ಮೇಲೆ ಚಿಕ್ಕ ದೀಪವೊಂದು ಇನ್ನೂ ಉರಿಯುತ್ತಿರಬಹುದು. ಪವರ್ ಸಪ್ಲೈನಲ್ಲಿ ಉಳಿದ ಚಾರ್ಜ್ ಅದು. ಅದು ಪೂರ್ತಿ ಆರಿದ ಮೇಲೇ ಸ್ವಿಚ್ ಹಾಕಿ. ಎರಡೇ ಸೆಕೆಂಡಿಗೆ ಹಾಕಿದರೆ ಕರೆಂಟ್ ಹೋಗಿದ್ದು ಬೋರ್ಡ್‌ಗೆ ಗೊತ್ತೇ ಆಗದೆ ಇರಬಹುದು.

ಹೊಸನಗರ: ಅಲ್ಲಿ 'ಲಾಸ್ಟ್ ಸ್ಟೇಟ್' ಅಂತಲೂ ಇದೆ ಸರ್. ಅದೇ ಒಳ್ಳೆಯದಲ್ವಾ? ಇನ್ನೊಂದು ವಿಷಯ, ನಮ್ಮಲ್ಲಿ ಯುಪಿಎಸ್ ಇದೆ. ಯುಎಸ್‌ಬಿ ಕೇಬಲ್ ಹಾಕಿರುವುದರಿಂದ ಬ್ಯಾಟರಿ ಮುಗಿಯುವ ಮೊದಲೇ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗುತ್ತದೆ.

ಉತ್ತರ: ಇದನ್ನು ಹೇಳಿದ್ದು ಒಳ್ಳೆಯದಾಯಿತು, ಜಾಸ್ತಿ ಜನ ಎಡವುವುದು ಇಲ್ಲೇ. 'ಲಾಸ್ಟ್ ಸ್ಟೇಟ್' ಅಂದರೆ ಕರೆಂಟ್ ಹೋದಾಗ ಹೇಗಿತ್ತೋ ಹಾಗೆ. ನಿಮ್ಮ ಕಂಪ್ಯೂಟರ್ ಮೊದಲು ಶಟ್‌ಡೌನ್ ಆಗುತ್ತದೆ, ಕರೆಂಟ್ ನಿಲ್ಲುವುದು ಆಮೇಲೆ. ಅಂದರೆ ಕೊನೆಯ ಸ್ಥಿತಿ ಆಫ್. ಹಾಗಾಗಿ ಆಫ್ ಆಗಿಯೇ ಉಳಿಯುತ್ತದೆ. ಯುಪಿಎಸ್ ಇದ್ದವರು 'ಪವರ್ ಆನ್' ಅನ್ನೇ ಆರಿಸಿ.

ಅದರಲ್ಲೂ ಒಂದು ತೊಡಕಿದೆ. ಕಂಪ್ಯೂಟರ್ ಶಟ್‌ಡೌನ್ ಆಯಿತು, ಯುಪಿಎಸ್‌ನಲ್ಲಿ ಇನ್ನೂ ಸ್ವಲ್ಪ ಬ್ಯಾಟರಿ ಇದೆ, ಅಷ್ಟರಲ್ಲಿ ಕರೆಂಟ್ ಬಂತು ಅಂದುಕೊಳ್ಳಿ. ಬೋರ್ಡ್‌ಗೆ ಕರೆಂಟ್ ಒಂದು ಕ್ಷಣವೂ ತಪ್ಪಲಿಲ್ಲ. ಮತ್ತೆ ಬಂದಿದೆ ಅಂತ ಅದಕ್ಕೆ ಹೇಗೆ ತಿಳಿಯಬೇಕು? ಆನ್ ಆಗುವುದೇ ಇಲ್ಲ. ಇದಕ್ಕೆ ಪರಿಹಾರ ಯುಪಿಎಸ್ ಸಾಫ್ಟ್‌ವೇರ್‌ನಲ್ಲೇ ಇರುತ್ತದೆ: ಶಟ್‌ಡೌನ್ ಆದ ಸ್ವಲ್ಪ ಹೊತ್ತಿಗೆ ಯುಪಿಎಸ್ ಕೂಡ ಔಟ್‌ಪುಟ್ ನಿಲ್ಲಿಸಬೇಕು ಅನ್ನುವ ಆಯ್ಕೆ. ವಿಂಡೋಸ್ ಬದಲು ಲಿನಕ್ಸ್ ಆದರೆ 'ನಟ್' ಅಥವಾ 'ಎಪಿಸಿಯುಪಿಎಸ್‌ಡಿ' ಅನ್ನುವ ಸಾಫ್ಟ್‌ವೇರ್‌ಗಳು ಈ ಕೆಲಸ ಮಾಡುತ್ತವೆ. ನಿಮ್ಮ ಯುಪಿಎಸ್‌ನಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಬಯೋಸ್‌ನಲ್ಲೇ 'ಆರ್‌ಟಿಸಿ ಅಲಾರ್ಮ್' (ಬೋರ್ಡ್‌ನ ಗಡಿಯಾರ ಕೊಡುವ ಅಲಾರ್ಮ್) ಹಾಕಿ. ದಿನಾ ಬೆಳಿಗ್ಗೆ 6 ಗಂಟೆಗೆ ಆನ್ ಆಗು ಅಂತ ಇಟ್ಟರೆ, ಆ ಹೊತ್ತಿಗೆ ಕರೆಂಟ್ ಇದ್ದರೆ ತಾನಾಗಿ ಏಳುತ್ತದೆ.

ಯುಪಿಎಸ್ ಬ್ಯಾಟರಿ ಪೂರ್ತಿ ಇಳಿದು ನಿಂತ ಮೇಲೆ, ಕರೆಂಟ್ ಬಂದಾಗ ಯುಪಿಎಸ್ಸೇ ತಾನಾಗಿ ಆನ್ ಆಗುತ್ತದಾ ಅಂತಲೂ ನೋಡಿಕೊಳ್ಳಿ. ಕೆಲವಕ್ಕೆ ಬಟನ್ ಒತ್ತಲೇಬೇಕು.

ತೀರ್ಥಹಳ್ಳಿ: ನಮ್ಮಲ್ಲಿ ಕರೆಂಟ್ ಬಂದ ಹಾಗೆ ಮಾಡಿ ಮತ್ತೆ ಹೋಗುತ್ತೆ ಮಾರಾಯ್ರೆ, ಐದು ನಿಮಿಷದಲ್ಲಿ ಮೂರು ನಾಲ್ಕು ಸಲ. ಯುಪಿಎಸ್ ಇಲ್ಲ. ಪ್ರತಿ ಸಲವೂ ಆನ್ ಆದರೆ ಹಾರ್ಡ್ ಡಿಸ್ಕ್ ಹಾಳಾಗಲ್ವಾ?

ಉತ್ತರ: ಹಾಳಾಗುವ ಸಾಧ್ಯತೆ ಇದೆ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫೈಲ್‌ಗಳೂ ಕೆಡುತ್ತವೆ. ಚಿಕ್ಕ ಯುಪಿಎಸ್ ಆದರೂ ಹಾಕಿಸಿ ಅಂತಲೇ ನನ್ನ ಮಾತು. ಸದ್ಯಕ್ಕೆ ಆಗದಿದ್ದರೆ ಫ್ರಿಜ್‌ಗೆ ಹಾಕುವ, ಟೈಮ್ ಡಿಲೇ ಇರುವ ಸ್ಟೆಬಿಲೈಸರ್ ಬಳಸಿ. ಕರೆಂಟ್ ಬಂದ ಮೇಲೆ ಸಾಮಾನ್ಯವಾಗಿ 3 ನಿಮಿಷ ಕಾದು ಅದು ಔಟ್‌ಪುಟ್ ಕೊಡುತ್ತದೆ. ನಡುವೆ ಮತ್ತೆ ಹೋದರೆ ಲೆಕ್ಕ ಮೊದಲಿನಿಂದ ಶುರು. ಆ ಬಂದು ಹೋಗುವ ಕಾಟ ಕಂಪ್ಯೂಟರ್‌ವರೆಗೆ ಬರುವುದೇ ಇಲ್ಲ.

ಸಾಗರ: ಲ್ಯಾಪ್‌ಟಾಪ್‌ನಲ್ಲಿ ಈ ಸೆಟ್ಟಿಂಗ್ ಕಾಣ್ತಾ ಇಲ್ಲ?

ಉತ್ತರ: ಹೆಚ್ಚಿನವಲ್ಲಿ ಇರುವುದಿಲ್ಲ. ಡೆಲ್‌ನ ಕೆಲವು ಮಾಡೆಲ್‌ಗಳಲ್ಲಿ 'ವೇಕ್ ಆನ್ ಎಸಿ' ಇದೆ.

ಹೊಸನಗರ: ಸರ್, ಇವತ್ತು ಆನ್ ಆಯಿತು! ಆದರೆ ಪಾಸ್‌ವರ್ಡ್ ಕೇಳುತ್ತಾ ನಿಂತಿದೆ, ರೆಕಾರ್ಡಿಂಗ್ ಶುರುವಾಗಿಲ್ಲ.

ಉತ್ತರ: ಪಾಸ್‌ವರ್ಡ್ ತೆಗೆಯಬೇಡಿ. ಮೊದಲು ಕ್ಯಾಮೆರಾ ರೆಕಾರ್ಡ್ ಮಾಡುವ ಸಾಫ್ಟ್‌ವೇರ್‌ನಲ್ಲೇ ವಿಂಡೋಸ್ ಸರ್ವಿಸ್ ಆಗಿ (ಯಾರೂ ಲಾಗಿನ್ ಆಗದಿದ್ದರೂ ಹಿನ್ನೆಲೆಯಲ್ಲಿ) ಓಡಿಸುವ ಆಯ್ಕೆ ಇದೆಯಾ ನೋಡಿ. ಇಲ್ಲದಿದ್ದರೆ ವಿಂಡೋಸ್‌ನಲ್ಲೇ ಇರುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಟ್ರಿಗರ್ (ಯಾವಾಗ ಶುರುವಾಗಬೇಕು ಅನ್ನುವುದು) 'ಅಟ್ ಸ್ಟಾರ್ಟಪ್' ಕೊಟ್ಟು, ಯೂಸರ್ ಲಾಗಿನ್ ಆಗದಿದ್ದರೂ ಓಡುವ ಆಯ್ಕೆಗೆ ಟಿಕ್ ಹಾಕಿ. ಜೊತೆಗೆ ಕೆಲವು ನಿಮಿಷ ಡಿಲೇ ಕೊಡಿ. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್ ಬದಲು ಬರುವ ವೇಗದ ಡಿಸ್ಕ್) ಇರುವ ಕಂಪ್ಯೂಟರ್ ಬೇಗ ಏಳುತ್ತದೆ, ರೂಟರ್ ಮತ್ತು ಕ್ಯಾಮೆರಾಗಳಿಗೆ ಇನ್ನೂ ಹೊತ್ತು ಬೇಕು.

ಹೊಸನಗರ: ಸರಿ ಸರ್. ಒಂದೇ ಒಂದು ಅನುಮಾನ. ಆನ್ ಆಗುವಾಗ ಕಪ್ಪು ಪರದೆಯಲ್ಲಿ 'ಪ್ರೆಸ್ ಎಫ್1' ಅಂತ ಬರ್ತಿದೆ. ಟೈಮ್ ಕೂಡ ತಪ್ಪು ತೋರಿಸ್ತಿದೆ.

ಉತ್ತರ: ಹಾಗಾದರೆ ಬೋರ್ಡ್ ಮೇಲಿನ ಸೆಲ್ ಮುಗಿದಿದೆ. ದುಂಡಗೆ ನಾಣ್ಯದಷ್ಟು ಇರುತ್ತದೆ, ಸಿಆರ್ 2032 ಅಂತ ಕೇಳಿ, 3 ವೋಲ್ಟಿನದು. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಇದನ್ನು ಹಾಗೇ ಬಿಟ್ಟರೆ ಹಳೇ ಬೋರ್ಡ್‌ಗಳಲ್ಲಿ ಕರೆಂಟ್ ಹೋದಾಗ 'ಪವರ್ ಆನ್' ಸೆಟ್ಟಿಂಗ್ ಅಳಿಸಿ ಹೋಗುತ್ತದೆ. ಇಲ್ಲವಾದರೆ ಎಫ್1 ಒತ್ತುವವರಿಗೆ ಕಾಯುತ್ತಾ ನಿಲ್ಲುತ್ತದೆ. ಪ್ಲಗ್ ತೆಗೆದು ಸೆಲ್ ಬದಲಿಸಿ, ದಿನಾಂಕ ಸಮಯ ಸರಿ ಮಾಡಿ, 'ಪವರ್ ಆನ್' ಮತ್ತೆ ಹಾಕಿ. ಕೀಬೋರ್ಡ್ ಇಲ್ಲದೆ ಇಡುವುದಾದರೆ ಬಯೋಸ್‌ನಲ್ಲಿ 'ಹಾಲ್ಟ್ ಆನ್' (ಯಾವ ತಪ್ಪು ಕಂಡರೆ ನಿಲ್ಲಬೇಕು ಅನ್ನುವ ಸೆಟ್ಟಿಂಗ್) ಅನ್ನು 'ನೋ ಎರರ್ಸ್' ಮಾಡಿ. ರೆಕಾರ್ಡಿಂಗ್ ಮೇಲಿನ ದಿನಾಂಕ ಇವತ್ತಿನದೇನಾ ಅಂತ ನೋಡಿಕೊಂಡು ಶಿವಮೊಗ್ಗಕ್ಕೆ ಹೊರಡಿ.