ಮೊಣಕಾಲು ನೋವಿರುವವರಿಗೆ 4 ಲಕ್ಷದೊಳಗೆ ಗೇರಿಲ್ಲದ ಹಳೆಯ ಕಾರು: ಸೆಲೆರಿಯೊ ಒಳ್ಳೆಯದೋ, ಗ್ರ್ಯಾಂಡ್ ಐ10 ಒಳ್ಳೆಯದೋ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ವಿದ್ಯಾನಗರದಿಂದ ಮಂಡಿಪೇಟೆಯಲ್ಲಿರುವ ನನ್ನ ಅಂಗಡಿಗೆ ಹದಿನೈದು ವರ್ಷಗಳಿಂದ ಗೇರಿನ ಕಾರಿನಲ್ಲಿಯೇ ಓಡಾಡಿದ್ದೇನೆ. ಕಳೆದ ವರ್ಷ ಎಡ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ, ಸಂಜೆಯ ಹೊತ್ತು ಪಿ.ಬಿ. ರಸ್ತೆಯಲ್ಲಿ ಮಾರಿಗೊಮ್ಮೆ ನಿಂತು ಕ್ಲಚ್ ತುಳಿಯುವುದು ನನ್ನಿಂದಾಗುತ್ತಿಲ್ಲ. ದಿನದ ಓಡಾಟ ಹತ್ತು ಕಿಲೋಮೀಟರ್ ದಾಟುವುದಿಲ್ಲ. ತಿಂಗಳಿಗೊಮ್ಮೆ ಚಿತ್ರದುರ್ಗದಲ್ಲಿರುವ ಮಗಳ ಮನೆಗೆ ಹೋಗಿಬರುತ್ತೇನೆ. ಸದ್ಯ ಎರಡು ಪೆಟ್ರೋಲ್ ಕಾರುಗಳನ್ನು ನೋಡಿದ್ದೇನೆ: 2016ರ ಸೆಲೆರಿಯೊ ಎಎಮ್‌ಟಿ ಹಾಗೂ 2014ರ ಗ್ರ್ಯಾಂಡ್ ಐ10 ಆಟೊಮ್ಯಾಟಿಕ್. ಮಾರುವವರು ಎರಡನ್ನೂ ‘ಗೇರಿಲ್ಲದ ಗಾಡಿ’ ಎಂದೇ ಹೇಳಿದರೂ ಓಡಿಸಿದಾಗ ಎರಡರ ನಡೆಯೂ ಬೇರೆಯಾಗಿತ್ತು. ಇದಕ್ಕೆ ಕಾರಣವೇನು, ಯಾವುದನ್ನು ಕೊಳ್ಳಲಿ?

ಉತ್ತರ 1 (ನಿಟುವಳ್ಳಿ, ದಾವಣಗೆರೆ)

ಎಎಮ್‌ಟಿ ಎಂದರೆ ಮಾಮೂಲಿ ಗೇರ್‌ಬಾಕ್ಸೇ ಸರ್. ಕ್ಲಚ್ ಪ್ಲೇಟು ಒಳಗೆ ಇದ್ದೇ ಇರುತ್ತದೆ. ನಿಮ್ಮ ಕಾಲು ಮತ್ತು ಕೈ ಮಾಡುತ್ತಿದ್ದ ಕೆಲಸವನ್ನು ಆಕ್ಚುವೇಟರ್ ಎಂಬ ಸಾಧನ ಮಾಡುತ್ತದೆ, ಅಷ್ಟೇ. 2014ರಲ್ಲಿ ಸೆಲೆರಿಯೊ ಮೂಲಕ ಇದು ನಮ್ಮ ದೇಶದ ಕಾರುಗಳಿಗೆ ಬಂದಾಗ, ಹೆಚ್ಚು ಬೆಲೆಯಿಲ್ಲದೆ, ಮೈಲೇಜೂ ಕಡಿಮೆಯಾಗದೆ ಆಟೊಮ್ಯಾಟಿಕ್ ಸಿಗುತ್ತದೆಂದು ಜನ ಮುಗಿಬಿದ್ದರು. ಗೇರು ಬದಲಾಗುವಾಗ ತಲೆ ತುಸು ಮುಂದಕ್ಕೆ ವಾಲಿದಂತಾಗುವುದು ಇದರ ಸ್ವಭಾವ, ದೋಷವಲ್ಲ.

ಆದರೆ ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಒತ್ತಿಕೊಂಡೇ ಗಾಡಿ ನಿಲ್ಲಿಸುವ ಅಭ್ಯಾಸ ಹಿಂದಿನ ಮಾಲೀಕರಿಗಿದ್ದರೆ ಕ್ಲಚ್ ಪ್ಲೇಟು ಸವೆದಿರುತ್ತದೆ. ನಾನು ಕೊಂಡ ಎಎಮ್‌ಟಿ ಕಾರಿಗೆ (ಹೆಸರು ಬೇಡ) ಐದನೆಯ ತಿಂಗಳಲ್ಲಿಯೇ ಹೊಸ ಕ್ಲಚ್ ಹಾಕಿಸಬೇಕಾಯಿತು. ಮಾರಿದವರು ಅದರ ಸುಳಿವನ್ನೂ ಕೊಟ್ಟಿರಲಿಲ್ಲ. ಇನ್ನೊಂದು ಮಾತು: ಸೆಲೆರಿಯೊದಲ್ಲಿ ‘ಪಿ’ (ಪಾರ್ಕಿಂಗ್) ಎಂಬ ಸ್ಥಾನವಿಲ್ಲ. ಆದ್ದರಿಂದ ನಿಲ್ಲಿಸುವಾಗ ಗೇರಿನಲ್ಲಿ ಬಿಟ್ಟು ಹ್ಯಾಂಡ್ ಬ್ರೇಕ್ ಎಳೆಯುವುದನ್ನು ರೂಢಿಸಿಕೊಳ್ಳಬೇಕು. ಇಷ್ಟರ ಮೇಲೂ ನನ್ನ ಮತ ಸೆಲೆರಿಯೊಗೇ, ಏಕೆಂದರೆ ಅದರ ಕ್ಲಚ್ಚನ್ನು ಬಿಚ್ಚಿ ಕಟ್ಟುವವರು ನಮ್ಮೂರಿನಲ್ಲಿಯೇ ಸಿಗುತ್ತಾರೆ.

ಉತ್ತರ 2 (ಚಿತ್ರದುರ್ಗ)

ಮೇಲಿನವರ ವಿವರಣೆ ಸರಿಯಾಗಿದೆ, ತೀರ್ಮಾನವನ್ನು ಮಾತ್ರ ನಾನು ಒಪ್ಪಲಾರೆ. ಗ್ರ್ಯಾಂಡ್ ಐ10ರಲ್ಲಿರುವುದು ನಾಲ್ಕು ಗೇರಿನ ಟಾರ್ಕ್ ಕನ್ವರ್ಟರ್. ಇದರಲ್ಲಿ ಎಂಜಿನ್ನಿನ ಬಲ ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ತಲುಪುವುದರಿಂದ, ಬ್ರೇಕಿನಿಂದ ಕಾಲು ತೆಗೆದೊಡನೆ ಗಾಡಿ ಜಗ್ಗದೆ ತಾನಾಗಿ ಮೆಲ್ಲನೆ ಮುಂದೆ ಸಾಗುತ್ತದೆ. ಮಂಡಿಪೇಟೆಯಲ್ಲಿ ಹಮಾಲರು, ತಳ್ಳುಗಾಡಿಗಳ ನಡುವೆ ನುಸುಳುವವರಿಗೆ ಬೇಕಾದದ್ದು ಇದೇ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ ಎಂಬುದು ನಿಜ. ದಿನಕ್ಕೆ ಹತ್ತು ಕಿಲೋಮೀಟರ್ ಓಡಿಸುವವರಿಗೆ ಅದು ದೊಡ್ಡ ಲೆಕ್ಕವಲ್ಲ. ಗೇರ್‌ಬಾಕ್ಸ್ ಕೆಟ್ಟರೆ ಮಾತ್ರ ರಿಪೇರಿ ಬಲು ದುಬಾರಿ. ಆದಕಾರಣ ಅದರ ಎಣ್ಣೆಯನ್ನು ಯಾವಾಗ ಬದಲಿಸಿದ್ದಾರೆಂಬ ಸರ್ವಿಸ್ ದಾಖಲೆ ಕೇಳಿ. ಡಿಪ್‌ಸ್ಟಿಕ್ಕಿನಲ್ಲಿ (ಎಣ್ಣೆ ನೋಡುವ ಕಡ್ಡಿ) ಎಣ್ಣೆ ಕಪ್ಪಗಿದ್ದು ಸುಟ್ಟ ವಾಸನೆ ಬಂದರೆ ಆ ಗಾಡಿಯನ್ನು ಬಿಟ್ಟುಬಿಡಿ.

ಯಾವ ಕಾರಾದರೂ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ನೋಡಬೇಕು. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಬಾನೆಟ್ ಮುಟ್ಟಿದಾಗಲೇ ತಿಳಿಯುತ್ತದೆ. ಬ್ರೇಕ್ ತುಳಿದುಕೊಂಡು ‘ಎನ್’ನಿಂದ (ನ್ಯೂಟ್ರಲ್) ‘ಡಿ’ಗೂ (ಮುಂದಕ್ಕೆ) ‘ಆರ್’ಗೂ (ಹಿಂದಕ್ಕೆ) ಹಾಕಿ ನೋಡಿ, ಗೇರು ಹಿಡಿಯಲು ತಡವಾದರೆ, ಇಲ್ಲವೇ ‘ಧಡ್’ ಎಂದರೆ ಅನುಮಾನಿಸಿ. ದಾವಣಗೆರೆಯ ಸಪಾಟು ರಸ್ತೆಯಲ್ಲಿ ಅರ್ಧ ಸತ್ಯವಷ್ಟೇ ಗೊತ್ತಾಗುತ್ತದೆ. ಹೇಗೂ ಮಗಳ ಮನೆ ಇಲ್ಲಿಯೇ ಇದೆಯಲ್ಲ, ಮಾಲೀಕರು ಒಪ್ಪಿದರೆ ಜೋಗಿಮಟ್ಟಿಯ ಏರಿನಲ್ಲಿ ಒಮ್ಮೆ ನಿಲ್ಲಿಸಿ ಹೊರಡಿಸಿ.

ಉತ್ತರ 3 (ಪಿ.ಜೆ. ಬಡಾವಣೆ, ದಾವಣಗೆರೆ)

ಕಾಗದಪತ್ರದ ಬಗ್ಗೆ ಯಾರೂ ಹೇಳಲಿಲ್ಲ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಇದ್ದರೆ, ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ಮಾಲೀಕತ್ವ ವರ್ಗಾವಣೆಗೆ ಫಾರ್ಮ್ 29 ಹಾಗೂ 30 ಬೇಕು. ವರ್ಗಾವಣೆಯಾದ 14 ದಿನಗಳೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಹಿಂದಿನವರ ನೋ ಕ್ಲೇಮ್ ಬೋನಸ್ (ವಿಮೆಯ ಹಣ ಕೇಳದಿದ್ದವರಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಹಾಗಾಗಿ ಅದರ ವ್ಯತ್ಯಾಸದ ಹಣವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೀಟರ್ ತಿರುಗಿಸಿದ್ದಾರೆಯೇ ಎಂಬ ಶಂಕೆಯಿದ್ದರೆ ಬ್ರೇಕ್ ಪೆಡಲಿನ ರಬ್ಬರ್ ಎಷ್ಟು ಸವೆದಿದೆ ಎಂದು ನೋಡಿ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯನ್ನೂ ಓದಿ: 2319 ಎಂದಿದ್ದರೆ ಅದು 2019ರ 23ನೆಯ ವಾರ ತಯಾರಾದದ್ದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ನಿನ್ನೆ ಬೆಳಿಗ್ಗೆ ಏಳಕ್ಕೇ ಹೋಗಿ ಎರಡನ್ನೂ ಮತ್ತೊಮ್ಮೆ ನೋಡಿದೆ. ಸೆಲೆರಿಯೊ ಮಾಲೀಕರು ಏರಿಗೆ ಒಯ್ಯಲು ಒಪ್ಪಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಗ್ರ್ಯಾಂಡ್ ಐ10ರ ಎಣ್ಣೆ ಬದಲಿಸಿದ ರಸೀದಿ ಸಿಕ್ಕಿತು, ಆದರೆ ಟೈರುಗಳ ಮೇಲೆ 1417 ಎಂದಿದೆ. ನಾಲ್ಕು ಹೊಸ ಟೈರಿನ ಬೆಲೆಯನ್ನು ಕಳೆದು ಕೇಳಿದ್ದೇನೆ, ಭಾನುವಾರ ಉತ್ತರ ಕೊಡುತ್ತಾರಂತೆ.